ಫುಲ್ವಿಯಾ ಕೊಟ್ಟ ಏಕವಚನ

"ಇಂಜಿನಿಯರ್ರೇ, ಹನ್ನೊಂದು ವರ್ಷ ಆಯ್ತು. ಈ ನೀವು-ತಾವು ಎಲ್ಲ ಸಾಕಲ್ವಾ? ಇವತ್ತಿಂದ ನನ್ನನ್ನ 'ನೀನು' ಅಂತ ಕರೀರಿ. ನಾನೂ ಹಾಗೇ ಕರೀತೀನಿ."

ಫುಲ್ವಿಯಾ ಕೆಂಪು ವೈನಿನ ಲೋಟ ಎತ್ತಿ ಹಿಡಿದಳು. ತ್ರಿಯೆಸ್ತೆ ಊರಿನ ಮೇಲಿನ ಗುಡ್ಡದಲ್ಲಿ ರೈತರೊಬ್ಬರ ಅಂಗಳ. ಮನೆಯಲ್ಲಿ ಮಾಡಿದ ವೈನು ಮಾರುವ ದಿನಗಳು ಎಂದು ತಿಳಿಯಲು ದಾರಿಯ ತಿರುವಿನಲ್ಲಿ ಹಸಿರು ಕೊಂಬೆ ಕಟ್ಟಿದ್ದರು. ಫುಲ್ವಿಯಾಳ ಕಾಫಿ ಅಂಗಡಿಯ ಗಿರಾಕಿಗಳೆಲ್ಲ ಭಾನುವಾರದ ಬಸ್ಸು ಹಿಡಿದು ಬಂದು, ಮರದ ಕೆಳಗಿನ ಉದ್ದ ಬೆಂಚುಗಳಲ್ಲಿ ಹಂದಿಮಾಂಸದ ಹ್ಯಾಮು, ಬೇಯಿಸಿದ ಮೊಟ್ಟೆ ಹಂಚಿಕೊಂಡು ಕೂತಿದ್ದರು. ಈಗ ಎಲ್ಲರೂ ಅವಳು ಇಂಜಿನಿಯರ್ ಎಂದು ಕರೆದ ತುಲ್ಲಿಯೊನ ಕಡೆ ನೋಡಿದರು.

ಅವನು ಲೋಟ ಎತ್ತಬೇಕಿತ್ತು. ಅವಳ ಲೋಟಕ್ಕೆ ತಾಗಿಸಬೇಕಿತ್ತು, ತಾಗಿಸುವಾಗ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಿತ್ತು. ಇಷ್ಟೇ ಕೆಲಸ. ಹೆಂಗಸು ತಾನಾಗಿ ಏಕವಚನ ಕೊಟ್ಟಾಗ ಗಂಡಸು ಬೇಡ ಎನ್ನುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಅದು ಅವನಿಗೂ ಗೊತ್ತಿತ್ತು.

ಅವನು ತಟ್ಟೆಯಲ್ಲಿದ್ದ ಮೊಟ್ಟೆಯ ಸಿಪ್ಪೆ ನೋಡುತ್ತ ಹೇಳಿದ: "ಕ್ಷಮಿಸಿ ಮೇಡಂ. ನನ್ನಿಂದ ಆಗಲ್ಲ."

ಮುದುಕಿ ನೆರೀನಾ ಉಪ್ಪು ಉದುರಿಸುತ್ತಿದ್ದ ಕೈ ಅಲ್ಲೇ ನಿಂತಿತು. ಟ್ರಾಮ್ ಓಡಿಸಿ ನಿವೃತ್ತನಾದ ದಾರಿಯೊ ಗಂಟಲು ಸರಿಮಾಡಿಕೊಂಡು, "ಈ ಸಲ ಹ್ಯಾಮು ಚೆನ್ನಾಗಿದೆ" ಎಂದ.

"ಪರವಾಗಿಲ್ಲ ಬಿಡಿ," ಫುಲ್ವಿಯಾ ಲೋಟ ಕೆಳಗಿಟ್ಟಳು. "ನನಗೇ ವೈನು ಜಾಸ್ತಿ ಆಯ್ತು."

ಅವಳು ಕುಡಿದದ್ದು ಅರ್ಧ ಲೋಟ. ಅದನ್ನು ಎಲ್ಲರೂ ನೋಡಿದ್ದರು. ಐವತ್ತೆರಡು ವರ್ಷದ ಆ ಹೆಂಗಸಿನ ಕುತ್ತಿಗೆಯಿಂದ ಕಿವಿಯ ತುದಿಯವರೆಗೆ ಕೆಂಪು ಹತ್ತಿದ್ದನ್ನು ತುಲ್ಲಿಯೊ ನೋಡಿದ. ವಾಪಸಾಗುವಾಗ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ಸಮುದ್ರ ಕಾಣುವ ತಿರುವುಗಳಲ್ಲೆಲ್ಲ ಸಮುದ್ರ ಬಿಟ್ಟು ಆ ಕುತ್ತಿಗೆಯನ್ನೇ ನೋಡಿದ.

ಅವನು ಇಂಜಿನಿಯರ್ ಆಗಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ನೆಂಟರ ಮಗುವಿನ ನಾಮಕರಣಕ್ಕೆ ಹೊರಟವನು ಟೈ ಕಟ್ಟಿಕೊಂಡು, ಕಂಕುಳಲ್ಲಿ ದೊಡ್ಡ ಕಾಗದದ ಸುರುಳಿ ಇಟ್ಟುಕೊಂಡು ಅವಳ ಅಂಗಡಿಗೆ ನುಗ್ಗಿದ್ದ. "ಏನು ಕೊಡ್ಲಿ ಇಂಜಿನಿಯರ್ರೇ?" ಎಂದಿದ್ದಳು ಫುಲ್ವಿಯಾ. ಈ ದೇಶದಲ್ಲಿ ಟೈ ಕಟ್ಟಿದವನಿಗೆ ಬಿರುದೊಂದು ಅಂಟದೆ ಇರುವುದಿಲ್ಲ. ಒಬ್ಬ ಡಾಕ್ಟರಾಗುತ್ತಾನೆ, ಒಬ್ಬ ವಕೀಲನಾಗುತ್ತಾನೆ, ಇಬ್ಬರೂ ಕಾಫಿ ಕುಡಿದು ಹೋಗುತ್ತಾರೆ. ಅವನೂ ಕುಡಿದು ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಆ ಮಾತು ಹೇಳುವಾಗ ಕತ್ತು ಸ್ವಲ್ಪ ವಾಲಿಸಿ ನಕ್ಕಿದ್ದಳು. ಮರುದಿನ ಅವನು ಮತ್ತೆ ಟೈ ಕಟ್ಟಿಕೊಂಡು ಬಂದ.

ಅಲ್ಲಿಂದಾಚೆ ದಿನವೂ ಅದೇ. ವ್ಯಾನಿನ ಕನ್ನಡಿಯಲ್ಲಿ ನೋಡಿಕೊಂಡು ಟೈ ಕಟ್ಟುವುದು. ವ್ಯಾನನ್ನು ಎರಡು ಬೀದಿ ಆಚೆ ನಿಲ್ಲಿಸುವುದು. ಏಳೂ ಮುಕ್ಕಾಲಿಗೆ ಗ್ಲಾಸಿನಲ್ಲಿ ಹಾಲಿನ ನೊರೆ ಹಾಕಿದ ಕಾಫಿ. ಆಮೇಲೆ ಟೈ ಬಿಚ್ಚಿ, ನೀಲಿ ಮೇಲಂಗಿ ತೊಟ್ಟು, ಯಾವುದೋ ಕಟ್ಟಡದ ಲಿಫ್ಟಿನಡಿಯ ಹೊಂಡಕ್ಕೆ ರಿಪೇರಿಗೆ ಇಳಿಯುವುದು.

ಅವನು ಎಡಚನೆಂದು ಅವಳು ಚಮಚವನ್ನು ಎಡಕ್ಕಿಡುತ್ತಿದ್ದಳು. ಹುಬ್ಬು ಏರಿಸಿ ಕೇಳುತ್ತಿದ್ದಳು: "ಇವತ್ತು ಮಳೆ ಬರುತ್ತಾ ಇಂಜಿನಿಯರ್ರೇ?"

"ಆ ಫೈಲು ಇನ್ನೂ ನನ್ನ ಟೇಬಲ್ಲಿಗೆ ಬಂದಿಲ್ಲ ಮೇಡಂ."

ಅವಳು ನಗುತ್ತಿದ್ದಳು. ಅವಳ ಗಂಡ ತೀರಿಹೋದ ಮೇಲೆ ಎರಡು ವರ್ಷ ಆ ನಗು ಇರಲಿಲ್ಲ. ಮತ್ತೆ ಬಂದದ್ದು ಇಂಥದೇ ಒಂದು ಬೆಳಿಗ್ಗೆ, ಇಂಥದೇ ಮಾತಿಗೆ. ಅವಳು ನಕ್ಕಷ್ಟೂ ಅವನಿಗೆ ನಿಜ ಹೇಳುವ ದಾರಿ ಕಿರಿದಾಗುತ್ತ ಹೋಯಿತು. ಬಹುವಚನದಲ್ಲಿ ಇರುವವರೆಗೆ ಹೇಗೋ ನಡೆಯುತ್ತಿತ್ತು. ಏಕವಚನ ಬಂದರೆ ಮನೆಗೆ ಊಟಕ್ಕೆ ಬಾ ಎನ್ನುವುದು ಬರುತ್ತದೆ, ಎಲ್ಲಿ ಓದಿದೆ ಎನ್ನುವುದು ಬರುತ್ತದೆ. ಇಲ್ಲದ ಮನುಷ್ಯನೊಬ್ಬನಿಗೆ ಅವಳು ಕೊಟ್ಟ ಸಲಿಗೆಯನ್ನು ತಾನು ಕದ್ದು ತೆಗೆದುಕೊಳ್ಳುವುದು ಹೇಗೆ?

ಸೋಮವಾರ ಚಮಚ ಬಲಗಡೆಗಿತ್ತು.

"ತಗೊಳ್ಳಿ," ಎಂದಳು. ಮಳೆಯ ವಿಷಯ ಕೇಳಲಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಮೂಲೆಯಲ್ಲಿ ಕೂತಿದ್ದ ನೆರೀನಾ ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದಳು: "ಓದಿದೋರು ಕಣೇ ಫುಲ್ವಿಯಾ. ಕಾಫಿ ಕಾಸೋಳನ್ನ ನೀನು-ಗೀನು ಅಂದ್ರೆ ಅವರ ಅಂತಸ್ತು ಏನಾಗ್ಬೇಕು?"

"ಸುಮ್ನಿರಿ ಅಜ್ಜಿ," ಎಂದಳು ಫುಲ್ವಿಯಾ ಸಣ್ಣ ದನಿಯಲ್ಲಿ. ಹಾಗಲ್ಲ ಎಂದು ಮಾತ್ರ ಹೇಳಲಿಲ್ಲ.

ತುಲ್ಲಿಯೊ ಗ್ಲಾಸು ಕೆಳಗಿಟ್ಟ. ಹೀಗೂ ಅರ್ಥವಾಗಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಉಗುರಿನ ಸಂದಿಯ ಗ್ರೀಸು ಕಾಣಬಾರದೆಂದು ಬೆರಳು ಮಡಚಿಕೊಂಡೇ ಗ್ಲಾಸು ಹಿಡಿಯುವ ತನ್ನನ್ನು ಇವರು ಜಂಬದವನೆಂದು ತಿಳಿದಿದ್ದಾರೆ! ಅವಳೂ ಹಾಗೇ ತಿಳಿದಿದ್ದಾಳೆ. ಅದಕ್ಕಿಂತ ಕೆಟ್ಟದ್ದೆಂದರೆ, ತಾನೇ ಕೀಳೆಂದು ತಿಳಿದುಕೊಂಡಿದ್ದಾಳೆ.

ಗುರುವಾರ ಮಧ್ಯಾಹ್ನ ಮೂರಕ್ಕೆ, ಅಂಗಡಿ ಖಾಲಿ ಇರುವ ಹೊತ್ತು ನೋಡಿ, ನೀಲಿ ಮೇಲಂಗಿಯಲ್ಲೇ ಒಳಗೆ ಬಂದ. ಫುಲ್ವಿಯಾ ತಲೆ ಎತ್ತದೆ, ಮೇಲಂಗಿಯನ್ನಷ್ಟೇ ಕಂಡು, "ಲಿಫ್ಟಿನೋರಾ? ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲಪ್ಪ," ಎಂದಳು. ಆಮೇಲೆ ತಲೆ ಎತ್ತಿದಳು.

"ನಾನು ಇದೇ," ಎಂದ ಅವನು. "ಲಿಫ್ಟ್ ರಿಪೇರಿ. ಇಂಜಿನಿಯರ್ ಅಲ್ಲ. ಓದಿದ್ದು ಎಂಟನೇ ಕ್ಲಾಸು."

ಅವಳು ಅವನ ಜೇಬಿನ ಮೇಲಿನ ಲಿಫ್ಟ್ ಕಂಪನಿಯ ಹೆಸರು ಓದಿದಳು. ಕೈ ನೋಡಿದಳು. ಈ ಸಲ ಅವನು ಬೆರಳು ಮಡಚಲಿಲ್ಲ.

"ಮತ್ತೆ ಆವತ್ತು ಕಂಕುಳಲ್ಲಿದ್ದ ನಕ್ಷೆ?"

"ಅಡುಗೆಮನೆ ಗೋಡೆಗೆ ಅಂಟಿಸೋ ಕಾಗದ. ನಿಂಬೆಹಣ್ಣಿನ ಚಿತ್ರದ್ದು."

"ನನ್ನ ಗೋಡೆ ಬಿರುಕು ಬಿಟ್ಟಾಗ ಏನೂ ಆಗಲ್ಲ ಅಂದ್ರಲ್ಲ?"

"ಫೋಟೊ ತೆಗೆದು ಒಬ್ಬ ನಿಜವಾದ ಇಂಜಿನಿಯರಿಗೆ ತೋರಿಸಿದ್ದೆ. ಬೀಳಲ್ಲ. ಅದು ಸತ್ಯ."

ಅವಳ ತುಟಿಯ ಅಂಚು ಒಂದಿಷ್ಟು ಅಲುಗಿತು. ನಕ್ಕುಬಿಡುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಅವಳು ನಗಲಿಲ್ಲ.

"ಸುಳ್ಳು ಹೇಳಿದ್ದು ನೀವು. ನಾಚಿಕೆ ಪಟ್ಟಿದ್ದು ನಾನು," ಎಂದಳು. "ನಾಲ್ಕು ದಿನ ಆಯ್ತು. ವಯಸ್ಸಾಯ್ತೇನೋ, ಮಿತಿ ಮೀರಿದೆನೇನೋ, ಗಂಡ ಸತ್ತೋಳಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ಕನ್ನಡಿ ನೋಡೋಕೂ ಆಗ್ತಿಲ್ಲ ನನಗೆ. ನಿಮ್ಮ ಮಾನ ಉಳಿಸ್ಕೊಳ್ಳೋಕೆ ನನ್ನ ಮಾನ ತೆಗೆದ್ರಲ್ಲ."

ಅವನು ಅಭ್ಯಾಸ ಮಾಡಿಕೊಂಡು ಬಂದ ಕ್ಷಮೆಯ ಮಾತೆಲ್ಲ ಸುಳ್ಳು ಹೇಳಿದ್ದಕ್ಕಾಗಿತ್ತು. ಅವಳ ಈ ಅವಮಾನಕ್ಕೆ ಒಂದು ಮಾತೂ ತಂದಿರಲಿಲ್ಲ.

"ಹನ್ನೊಂದು ವರ್ಷ ಕಾಫಿ ಕೊಟ್ಟಿದ್ದೀನಿ, ನಿಮ್ಮ ಹೆಸರೇ ನನಗೆ ಗೊತ್ತಿಲ್ಲ ನೋಡಿ."

ಅವನು ಬಾಯಿ ತೆರೆದ.

"ಇಲ್ಲಿ ಬೇಡ," ಎಂದು ಕೈ ಅಡ್ಡ ಹಿಡಿದಳು. "ಯಾರೂ ಇಲ್ಲದ ಹೊತ್ತು ನೋಡಿ ಬಂದಿದ್ದೀರಿ. ಆವತ್ತು ಬೇಡ ಅಂದಿದ್ದು ಎಲ್ಲರ ಮುಂದೆ."

ಭಾನುವಾರ ಅವನು ಒಂದು ಬಸ್ಸು ತಡವಾಗಿ ಗುಡ್ಡ ಹತ್ತಿದ. ಟೈ ಇರಲಿಲ್ಲ. ಬರಿಗತ್ತಿಗೆ ಗಾಳಿ ಹೊಡೆಯುತ್ತಿತ್ತು. ತಿರುವಿನಲ್ಲಿ ಒಂದು ಸಲ ಹಿಂದಕ್ಕೆ ತಿರುಗಿದ. ಮತ್ತೆ ಮುಂದಕ್ಕೆ ನಡೆದ.

ಬೆಂಚಿನವರೆಲ್ಲ ಅವನನ್ನು ನೋಡಿದರು. ಕೂರಿ ಎಂದು ಯಾರೂ ಹೇಳಲಿಲ್ಲ. ಅವನು ನಿಂತೇ ಹೇಳಿದ. ಟೈ, ಕಾಗದದ ಸುರುಳಿ, ಎರಡು ಬೀದಿ ಆಚೆಯ ವ್ಯಾನು, ಎಂಟನೇ ಕ್ಲಾಸು. "ಹೋದ ವಾರ ಇವರು ಕೊಟ್ಟಿದ್ದನ್ನ ನಾನು ಬೇಡ ಅಂದಿದ್ದು ಇವರು ಕಡಿಮೆ ಅಂತ ಅಲ್ಲ. ತಗೊಳ್ಳೋಕೆ ನನಗೆ ಮುಖ ಇರಲಿಲ್ಲ."

ಕಿವಿ ಸುಡುತ್ತಿತ್ತು. ದೂರದ ಟೇಬಲ್ಲಿನ ಗುರುತಿಲ್ಲದವರೂ ತಿರುಗಿ ನೋಡುತ್ತಿದ್ದರು.

"ಹಂಗಾದ್ರೆ," ದಾರಿಯೊ ನಿಧಾನವಾಗಿ ಕೇಳಿದ, "ನನ್ನ ಮೊಮ್ಮಗಳಿಗೆ ನೀವು ಹೇಳಿದ ಕಾಲೇಜು?"

"ನನಗೇನೂ ಗೊತ್ತಿರಲಿಲ್ಲ. ಅವಳಿಗೆ ಇಷ್ಟ ಆದ ಕಡೆ ಸೇರಲಿ ಅಂದೆ."

"ಅಲ್ಲೇ ಸೇರಿದ್ಲು. ಖುಷಿಯಾಗಿದ್ದಾಳೆ," ಎಂದು ದಾರಿಯೊ ತಲೆ ಕೆರೆದುಕೊಂಡ.

ನೆರೀನಾ ಉಪ್ಪಿನ ಡಬ್ಬಿಯನ್ನು ಟೇಬಲ್ಲಿಗೆ ಕುಟ್ಟಿದಳು. "ನಮ್ಮ ಮನೆ ಲಿಫ್ಟು ಎರಡು ತಿಂಗಳಿಂದ ಕೆಟ್ಟು ಕೂತಿದೆ, ನಾನು ಐದು ಮಹಡಿ ಹತ್ತಿ ಸಾಯ್ತಿದ್ದೀನಿ. ಇವನು ದಿನಾ ನನ್ನ ಪಕ್ಕದಲ್ಲಿ ನಿಂತು ಕಾಫಿ ಕುಡೀತಿದ್ದ! ಅಲ್ಲಯ್ಯ, ಇಂಜಿನಿಯರ್ ಇಟ್ಕೊಂಡು ನಾನೇನು ಮಾಡ್ಲಿ?"

ಬೆಂಚೆಲ್ಲ ನಕ್ಕಿತು. ಫುಲ್ವಿಯಾ ಒಬ್ಬಳು ನಗದೆ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಿದ್ದಳು. ಅವಳು ಎರಡನೇ ಸಲ ಕೇಳುವುದಿಲ್ಲ. ಕೇಳಲೂಬಾರದು. ಗಂಡಸು ಮೊದಲು ಏಕವಚನಕ್ಕೆ ಇಳಿಯುವುದೂ ಮರ್ಯಾದೆಯಲ್ಲ. ಮರ್ಯಾದೆಯ ಹೆಸರಿನಲ್ಲಿ ತಾನು ಹನ್ನೊಂದು ವರ್ಷ ಮಾಡಿದ್ದನ್ನು ನೆನೆದು ತುಲ್ಲಿಯೊ ಅವಳ ಎದುರು ಬಂದು ನಿಂತ.

"ನನ್ನ ಹೆಸರು ತುಲ್ಲಿಯೊ," ಎಂದ. "ಫುಲ್ವಿಯಾ, ನೀನು..."

ಆ ಮಾತು ಬಾಯಿಂದ ಬಿದ್ದ ಮೇಲೆ ಮುಂದಿನದು ಬರಲೇ ಇಲ್ಲ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಒಳ್ಳೊಳ್ಳೆ ವಾಕ್ಯಗಳೆಲ್ಲ ಎತ್ತಲೋ ಹೋದವು.

ಅವಳು ತಲೆ ಎತ್ತಿದಳು. ಕಣ್ಣು ಒದ್ದೆಯಾಗಿತ್ತು, ಹುಬ್ಬು ಮೆಲ್ಲಗೆ ಮೇಲೇರುತ್ತಿತ್ತು. "ನಾನು ಏನು? ಅರ್ಧಕ್ಕೆ ನಿಲ್ಲಿಸಬೇಡ. ಹೇಳು."

ಹೇಳು ಎಂದಳು. ಹೇಳಿ ಎನ್ನಲಿಲ್ಲ. ನೆರೀನಾಗೂ ಅದು ಕೇಳಿಸಿತು. ಅವಳು ಬೇಕೆಂದೇ ಆ ಕಡೆ ತಿರುಗಿ ಹ್ಯಾಮು ಕತ್ತರಿಸತೊಡಗಿದಳು.

"ನೀನು..." ತುಲ್ಲಿಯೊ ಬೆಂಚಿನ ಕಡೆ ನೋಡಿದ. "ನೀನು ಸ್ವಲ್ಪ ಆ ಕಡೆ ಸರೀತೀಯಾ? ನನ್ನ ಕಾಲು ನಡುಗ್ತಾ ಇದೆ. ಕೂತ್ಕೋಬೇಕು."

ಫುಲ್ವಿಯಾ ಸರಿದಳು. ಒಬ್ಬ ಮನುಷ್ಯ ಕೂರಲು ಬೇಕಾದಷ್ಟೇನೂ ಸರಿಯಲಿಲ್ಲ; ಅವನು ಅವಳ ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕಾಯಿತು.