ಗುರುವಾರದ ಒಂಬತ್ತು ಸೆಕೆಂಡು

ಮಾರ್ಚ್ ಹತ್ತು, ಸೋಮವಾರ, ಸಂಜೆ ಆರು ಗಂಟೆ ಮೂವತ್ತೇಳು ನಿಮಿಷ.

ಮೂರನೇ ಮಹಡಿ ದಾಟಿದ ಲಿಫ್ಟ್ ಒಮ್ಮೆ ಜಗ್ಗಿ, ನರಳಿ, ನಿಂತೇಬಿಟ್ಟಿತು.

ಒಳಗಿದ್ದವಳು ಅವಳೊಬ್ಬಳೇ. ನಗರದ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್ ನೇತಾಡುತ್ತಿತ್ತು. ಜೊತೆಯವರು ಅವಳನ್ನು ಕರೆಯುತ್ತಿದ್ದುದೂ ಅದೇ ಹೆಸರಿನಿಂದ.

"ಒಳಗೆ ಯಾರಾದ್ರೂ ಇದ್ದೀರಾ?" ಮೇಲಿನಿಂದ ಒಂದು ಗಂಡಸಿನ ದನಿ.

"ಇದ್ದೀನಿ."

"ಭಯ ಬೀಳ್ಬೇಡಿ ಮೇಡಂ. ಲಿಫ್ಟ್ ಮೆಕ್ಯಾನಿಕ್ ನಾನು, ತಪಾಸಣೆಗೆ ಬಂದಿದ್ದೆ."

"ಭಯ ಏನಿಲ್ಲ. ಏಳು ಗಂಟೆಗೆ ಟೀವೀಲಿ ರಸಪ್ರಶ್ನೆ ಇದೆ. ಎಷ್ಟು ಹೊತ್ತಾಗುತ್ತೆ ಅದನ್ನ ಹೇಳಿ."

ಮೇಲಿನಿಂದ ತಡೆದುಕೊಂಡ ನಗು.

"ಇಪ್ಪತ್ತು ನಿಮಿಷ."

"ಅಂದ್ರೆ ಆರು ಐವತ್ತೇಳು. ಮಾತು ತಪ್ಪಬಾರದು."

ಅವಳು ಸ್ಟಾಪ್‌ವಾಚ್ ಒತ್ತಿದಳು. ಭಯವಿಲ್ಲ ಎಂದದ್ದೇನೋ ಸರಿ... ಕಣ್ಣು ಮಾತ್ರ ಮತ್ತೆ ಮತ್ತೆ ಚಾವಣಿಯ ಕಡೆಗೇ ಹೋಗುತ್ತಿತ್ತು.

"ರೀ... ಹಗ್ಗ ಹರಿದ್ರೆ?"

"ಹರಿದ್ರೂ ಪೆಟ್ಟಿಗೆ ಕೆಳಗೆ ಬೀಳಲ್ಲ. ಎರಡೂ ಪಕ್ಕದಲ್ಲಿ ಉಕ್ಕಿನ ಹಳಿ ಇದೆ. ವೇಗ ಹೆಚ್ಚಾದ ತಕ್ಷಣ ಅಡಿಯಲ್ಲಿರೋ ಸಾಧನ ಆ ಹಳಿಯನ್ನ ಕಚ್ಚಿ ಹಿಡ್ಕೊಳ್ಳುತ್ತೆ. ಹಗ್ಗ ಕೈಬಿಡಬಹುದು, ಹಳಿ ಬಿಡಲ್ಲ."

ಹದಿನೆಂಟನೇ ನಿಮಿಷಕ್ಕೆ ಬಾಗಿಲು ತೆರೆಯಿತು. ನಾಲ್ಕನೇ ಮಹಡಿಯ ನೆಲ ಅವಳ ಮೊಣಕಾಲಿಗಿಂತ ಎತ್ತರದಲ್ಲಿತ್ತು. ಅಲ್ಲಿ ಮಂಡಿಯೂರಿದ್ದವನು ಕೈಚಾಚಿದ. ಎಣ್ಣೆ ಮೆತ್ತಿದ, ಒರಟಾದ, ಬೆಚ್ಚನೆಯ ಕೈ. ಅವಳನ್ನು ಮೇಲಕ್ಕೆಳೆದುಕೊಂಡು, ಜೇಬಿನಿಂದ ಉಕ್ಕಿನ ಅಳತೆಪಟ್ಟಿ ತೆಗೆದು ನೆಲದ ಅಂತರ ಅಳೆದ.

"ಐವತ್ತೆರಡು ಸೆಂಟಿಮೀಟರ್. ಹಗ್ಗ ಬದಲಾಯಿಸ್ಬೇಕು. ಶುಕ್ರವಾರದ ತನಕ ಎಲ್ರಿಗೂ ಮೆಟ್ಟಿಲೇ ಗತಿ."

ಎಲ್ಲವನ್ನೂ ಅಳೆದು ನೋಡುವ ಇನ್ನೊಂದು ಜೀವವೂ ಇದೆಯಲ್ಲ ಎಂದುಕೊಳ್ಳುತ್ತಾ ಅವಳು ಅದೇ ಮಹಡಿಯಲ್ಲಿದ್ದ ತನ್ನ ಮನೆಗೆ ಓಡಿದಳು.

ಮನೆಯಲ್ಲಿ ಅಜ್ಜಿ ಆಗಲೇ ಟೀವಿ ಮುಂದೆ ಪ್ರತಿಷ್ಠಾಪನೆಯಾಗಿದ್ದರು. ಅಜ್ಜಿಗೆ ಕಿವಿ ಮಂದ. ಸದ್ದು ಜೋರು ಮಾಡಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಹಾಗಾಗಿ ಪ್ರಶ್ನೆ ಕೇಳದಿದ್ದರೂ ಸ್ಪರ್ಧಿಗಳ ಮುಖ, ಕೈ ನೋಡುತ್ತಲೇ ಕಾರ್ಯಕ್ರಮ ಮುಗಿಸುತ್ತಿದ್ದರು. ಲಿಫ್ಟಿನ ಏರುಪೇರಾದ ಹೊಸ್ತಿಲಲ್ಲಿ ಎಡವಿ ಬಿದ್ದ ಮೇಲೆ ಅವರು ಆರು ತಿಂಗಳಿಂದ ಕೆಳಗಿಳಿದಿರಲಿಲ್ಲ. ಹೊರಗಿನ ಪ್ರಪಂಚವೆಲ್ಲ ಅವರಿಗೆ ಈ ಪೆಟ್ಟಿಗೆಯೊಳಗೇ ಇತ್ತು.

ವಾರಪೂರ್ತಿ ನಡೆಯುವ ಸ್ಪರ್ಧೆ ಅದು. ಸೋಮವಾರ ಆರು ಜನ; ದಿನಕ್ಕೊಬ್ಬರು ಹೊರಗೆ; ಶುಕ್ರವಾರ ಇಬ್ಬರ ನಡುವೆ ಕೊನೆಯ ಆಟ. ಅವಳು ಪ್ರತಿ ಕಂತನ್ನೂ ರೆಕಾರ್ಡ್ ಮಾಡಿಟ್ಟು, ಯಾರು ಎಷ್ಟು ಸೆಕೆಂಡಿಗೆ ಗುಂಡಿ ಒತ್ತಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಮೂರನೇ ಆಸನದ ಮೇಲೆ ಕ್ಯಾಮೆರಾ ನಿಂತಿತು. ಇಸ್ತ್ರಿ ಮಾಡಿದ ನೀಲಿ ಅಂಗಿ. ನೀಟಾಗಿ ಬಾಚಿದ ತಲೆ. ಅದೇ ತಡೆದುಕೊಂಡ ನಗು.

"ಲಿಫ್ಟ್ ಮೆಕ್ಯಾನಿಕ್," ಎಂದು ನಿರೂಪಕ ಪರಿಚಯಿಸಿದ.

ಅವಳ ಕೈಯಿಂದ ಪೆನ್ನು ಜಾರಿತು.

"ಏನಾಯ್ತೇ ಪುಟ್ಟಿ?" ಎಂದರು ಅಜ್ಜಿ.

"ಅಜ್ಜಿ... ಇವರು ಈಗ ನಮ್ಮ ಬಾಗಿಲ ಹೊರಗಿದ್ದಾರೆ."

"ಹಾಗಾದ್ರೆ ಒಳಗೆ ಕರೀ. ತಾನು ಗೆಲ್ಲೋದನ್ನ ತಾನೇ ನೋಡ್ಲಿ."

ಮಂಗಳವಾರ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅವನು ನಾಲ್ಕನೇ ಮಹಡಿಯ ಗುಂಡಿಯ ಫಲಕ ಬಿಚ್ಚಿಕೊಂಡು ಕೂತಿದ್ದ.

"ಗೆದ್ರಾ?" ಅವಳು ನೇರವಾಗಿ ಕೇಳಿಯೇಬಿಟ್ಟಳು.

"ಅಯ್ಯೋ, ಮೆಲ್ಲಗೆ. ಮೂರು ವಾರದ ಹಿಂದೆ ರೆಕಾರ್ಡ್ ಆಗಿದ್ದು ಅದು. ಶುಕ್ರವಾರ ರಾತ್ರಿ ಎಂಟಕ್ಕೆ ಕೊನೇ ಕಂತು ಮುಗಿಯೋ ತನಕ ಅಲ್ಲಿ ನಡೆದಿದ್ದು ಒಂದಕ್ಷರ ಹೇಳಲ್ಲ ಅಂತ ಸಹಿ ಹಾಕಿಕೊಟ್ಟಿದ್ದೀನಿ."

"ನಿನ್ನೆ ನಿಮ್ಮದು ಏಳು ಉತ್ತರ. ಸರಾಸರಿ ಎರಡು ಪಾಯಿಂಟ್ ಒಂದು ಸೆಕೆಂಡು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳನ್ನೇ ನೋಡಿದ. "ನನ್ನ ಸೆಕೆಂಡನ್ನ ಇಷ್ಟು ಜತನವಾಗಿ ಎಣಿಸಿದವರು ಯಾರೂ ಇಲ್ಲ ಮೇಡಂ."

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ಅವಳ ಕೆನ್ನೆ ಬಿಸಿಯಾಗಿಯೇ ಇತ್ತು.

ಬುಧವಾರ ಸಂಜೆ ಅವನಿಗೆ ಅಜ್ಜಿ ಚಹಾ ಕಳಿಸಿದರು. ಇಬ್ಬರೂ ಮೆಟ್ಟಿಲ ಮೇಲೆಯೇ ಕೂತರು. ಯಾವ ಕಟ್ಟಡಕ್ಕೆ ಹೋದರೂ ಮೋಟರ್ ಕೋಣೆಯಲ್ಲಿ ಕಾಯುವುದೇ ಅರ್ಧ ಕೆಲಸವೆಂದೂ, ಆ ಹೊತ್ತಿನಲ್ಲಿ ಹಳೆಯ ಪುಸ್ತಕಗಳನ್ನು ಓದಿ ಓದಿ ಇಷ್ಟೆಲ್ಲ ತಲೆಗೆ ಸೇರಿತೆಂದೂ ಅವನು ಹೇಳಿದ. ಶನಿವಾರದಿಂದ ಊರಾಚೆಯ ಇನ್ನೊಂದು ಕಟ್ಟಡದಲ್ಲಿ ಕೆಲಸವಂತೆ. ಅದನ್ನು ಹೇಳುವಾಗ ಮಾತ್ರ ಅವನ ದನಿ ಇಳಿಯಿತು.

"ಅದ್ಯಾಕೆ ಸದಾ ಆ ವಾಚು?" ಅವನು ಕೇಳಿದ.

ಅವಳು ಲೋಟದೊಳಗೆ ನೋಡಿದಳು. ಯಾರಿಗೂ ಹೇಳದ ಮಾತು ಇವನೆದುರು ತಾನಾಗಿ ಬಂತು.

"ಎರಡು ವರ್ಷದ ಹಿಂದೆ ನನಗೆ ಮದುವೆ ಗೊತ್ತಾಗಿತ್ತು. ಅವರು ದಿನಾ ನಗ್ತಾ ಮಾತಾಡ್ತಿದ್ರು. ಮನಸ್ಸು ಬೇರೆ ಕಡೆ ಇದ್ದಿದ್ದು ಲಗ್ನಪತ್ರಿಕೆ ಅಚ್ಚಾದ ಮೇಲೆ ಗೊತ್ತಾಯ್ತು. ಏಳು ತಿಂಗಳು ನಟಿಸಿದ್ರು... ಈ ವಾಚಿಗೆ ನಟನೆ ಬರಲ್ಲ. ರಸಪ್ರಶ್ನೆ ಇಷ್ಟ ಆಗೋದೂ ಅದಕ್ಕೇ. ಅಲ್ಲಿ ಗೊತ್ತಿದ್ರೆ ಗೊತ್ತು, ಇಲ್ಲದಿದ್ರೆ ಇಲ್ಲ."

ಖಾಲಿ ಲೋಟ ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿ, ಒಂದು ಗಳಿಗೆ ಅಲ್ಲೇ ನಿಂತಿತು.

ಗುರುವಾರ ಟೀವಿಯಲ್ಲಿ ಉಳಿದವರು ಮೂವರು: ಒಬ್ಬ ಔಷಧಿ ಅಂಗಡಿಯವನು, ಒಬ್ಬ ಶಾಲಾ ಟೀಚರ್, ಮತ್ತು ಇವನು. ಅಂಗಡಿಯವನು ಮುಂದಿದ್ದ. ಇವನಿಗೂ ಟೀಚರಿಗೂ ಸಮ ಅಂಕ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿದವರು ಶುಕ್ರವಾರಕ್ಕೆ.

"ಹಗ್ಗ ತುಂಡಾದಾಗ ಲಿಫ್ಟಿನ ಅಡಿಯ ಸುರಕ್ಷಾ ಸಾಧನ ಯಾವುದನ್ನು ಕಚ್ಚಿ ಹಿಡಿಯುತ್ತದೆ?"

ಅವಳು ಕುರ್ಚಿಯಿಂದ ಎದ್ದೇ ನಿಂತಳು. ಹಳಿ! ಸೋಮವಾರ ಇದೇ ಬಾಯಿಂದ ಕೇಳಿದ್ದಳಲ್ಲ!

ಎರಡು ಸೆಕೆಂಡು. ನಾಲ್ಕು. ಏಳು... ಅವನ ಮುಂದಿನ ದೀಪ ಹತ್ತಲಿಲ್ಲ.

ಒಂಬತ್ತನೇ ಸೆಕೆಂಡಿಗೆ ಟೀಚರ್ ಮುಂದಿನ ದೀಪ ಹತ್ತಿತು. "ಪಕ್ಕದ ಹಳಿ ಇರಬೇಕು..." ಸರಿಯುತ್ತರ. ಟೀಚರ್ ಮುಖ ಮುಚ್ಚಿಕೊಂಡು ಅತ್ತರು. ಸೋತವನು ಅವರ ಕಡೆ ತಿರುಗಿ ನಕ್ಕು, ಚಪ್ಪಾಳೆ ತಟ್ಟಿದ.

ಅವಳು ನೋಟ್‌ಬುಕ್ಕಿನಲ್ಲಿ ಬರೆದಳು: ಒಂಬತ್ತು ಸೆಕೆಂಡು, ಗುಂಡಿ ಒತ್ತಲಿಲ್ಲ. ಕೆಳಗೆ ಎರಡು ಗೆರೆ ಎಳೆದಳು.

ಗೊತ್ತಿದ್ದೂ ಸುಮ್ಮನಿದ್ದ. ಆ ಟೀಚರ್‌ಗೋಸ್ಕರ ಬಿಟ್ಟುಕೊಟ್ಟ. ಇವತ್ತು ಸೋತಂತೆ ನಟಿಸುವವನು ನಾಳೆ ಪ್ರೀತಿಸಿದಂತೆಯೂ ನಟಿಸಬಹುದಲ್ಲ... ಆ ರಾತ್ರಿ ಅವಳು ಊಟವನ್ನು ಅರ್ಧಕ್ಕೇ ಬಿಟ್ಟೆದ್ದಳು.

ಶುಕ್ರವಾರ ಬೆಳಿಗ್ಗೆ ಅವನು ಮೆಟ್ಟಿಲ ಬಳಿ ಕಾಯುತ್ತಿದ್ದ. ಅವಳು ನೋಟ್‌ಬುಕ್ ತೆರೆದು ಅವನ ಮುಂದೆ ಹಿಡಿದಳು.

"ಬೇಕಂತ ಸೋತ್ರಿ, ಅಲ್ವಾ?"

ಅವನು ಆ ಎರಡು ಗೆರೆಗಳ ಮೇಲೆ ಬೆರಳಿಟ್ಟ.

"ಇವತ್ತು ಎಂಟು ಗಂಟೆ ತನಕ ನಾನೇನೂ ಹೇಳೋ ಹಾಗಿಲ್ಲ ಮೇಡಂ. ಮಾತು ಕೊಟ್ಟಿದ್ದೀನಿ. ಎಂಟರ ಮೇಲೆ..."

"ಎಂಟರ ಮೇಲೆ ಹೇಳೋದೇನೂ ಬೇಡ. ಇನ್ನೊಬ್ಬ ನಟ ನನಗೆ ಬೇಕಾಗಿಲ್ಲ."

ಅವನ ಮುಖದಲ್ಲಿ ಏನೋ ಆರಿಹೋಯಿತು. ಅವಳು ಅದನ್ನು ಕಂಡೂ ಕಾಣದವಳಂತೆ ಇಳಿದುಹೋದಳು.

ಆ ದಿನ ಪ್ರಯೋಗಾಲಯದಲ್ಲಿ ಒಂದೇ ಸೀಸೆಗೆ ಅವಳು ಎರಡು ಸಲ ಚೀಟಿ ಅಂಟಿಸಿದಳು. "ಸ್ಟಾಪ್‌ವಾಚ್‌ಗೆ ಏನಾಗಿದೆ?" ಎಂದು ಜೊತೆಯವರು ಪಿಸುಗುಟ್ಟಿದರು.

ಸಂಜೆ ಏಳಕ್ಕೆ ಅಜ್ಜಿ ಟೀವಿ ಹಚ್ಚಿದರು. ಅವಳು ಸ್ಟಾಪ್‌ವಾಚ್ ಮುಟ್ಟಲಿಲ್ಲ.

"ನಮ್ಮ ಹುಡುಗ ಇಲ್ಲದ ಆಟ ಸಪ್ಪೆ," ಎಂದರು ಅಜ್ಜಿ. "ಪಾಪ, ನಿನ್ನೆ ಅವನಿಗೆ ಅನ್ಯಾಯ ಆಯ್ತು."

"ಅನ್ಯಾಯ ಏನು ಬಂತು? ಅವರು ಗುಂಡೀನೇ ಒತ್ತಲಿಲ್ಲ," ಅವಳು ಅಜ್ಜಿಯ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಒತ್ತಲಿಲ್ವಾ? ಮೂರು ಸಲ ಒತ್ತಿದ ಕಣೇ. ನೀನು ದೀಪ ನೋಡ್ತೀಯ, ನಾನು ಕೈ ನೋಡ್ತೀನಿ. ಹೆಬ್ಬೆರಳ ಉಗುರು ಬೆಳ್ಳಗಾಗಿತ್ತು."

ಅವಳು ಆ ದಿನದ ಕಂತು ಬಿಟ್ಟು ಗುರುವಾರದ ರೆಕಾರ್ಡಿಂಗ್ ಹಾಕಿದಳು. ನಿಧಾನ ಮಾಡಿದಳು. ಪ್ರಶ್ನೆ ಮುಗಿದು ಎರಡೇ ಸೆಕೆಂಡಿಗೆ ಅವನ ಭುಜ ಸ್ವಲ್ಪ ತಗ್ಗಿತು. ಹೆಬ್ಬೆರಳು ಕೆಳಗೆ. ಮತ್ತೆ ಒಂದು ಸಲ. ಮೂರನೇ ಸಲ ಉಗುರು ಬಿಳುಪಾಗುವಷ್ಟು. ದೀಪ ಹತ್ತಲಿಲ್ಲ. ಅವನು ಗುಂಡಿಯನ್ನೊಮ್ಮೆ ನೋಡಿದ. ಪರಿಚಯದವರನ್ನು ನೋಡುವ ಹಾಗೆ ನೋಡಿದ.

ಒಂಬತ್ತು ಸೆಕೆಂಡನ್ನು ಅವಳು ಸರಿಯಾಗಿಯೇ ಅಳೆದಿದ್ದಳು. ಅದಕ್ಕೆ ಹಚ್ಚಿದ ಕಾರಣ ಮಾತ್ರ ಪೂರಾ ತನ್ನದು. ಎರಡು ವರ್ಷದ ಹಿಂದಿನ ಗಾಯದಿಂದ ತೆಗೆದು ಅಂಟಿಸಿದ್ದು.

ಗಡಿಯಾರ ಎಂಟು ಹೊಡೆಯಿತು. ಸ್ಟಾಪ್‌ವಾಚನ್ನು ಅಜ್ಜಿಯ ಮಡಿಲಿಗೆ ಹಾಕಿ ಅವಳು ಮೆಟ್ಟಿಲು ಹತ್ತಿದಳು.

ಮಹಡಿಯ ಮೇಲಿನ ಮೋಟರ್ ಕೋಣೆಯಲ್ಲಿ ಅವನು ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ, ಸಿಗಲಿಲ್ಲ.

"ಮೂರು ಸಲ ಒತ್ತಿದ್ರಿ," ಅವಳು ಏದುಸಿರಿನಲ್ಲೇ ಹೇಳಿದಳು.

"ಯಾರು ಹೇಳಿದ್ರು?"

"ಅಜ್ಜಿ ನೋಡಿದ್ರು. ನಾನು ನೋಡ್ಲಿಲ್ಲ... ಯಾಕೆ ಆಗಲೇ ಕೈ ಎತ್ತಿ ಹೇಳ್ಲಿಲ್ಲ ನೀವು? ಗುಂಡಿ ಕೆಟ್ಟಿದೆ ಅಂತ?"

ಅವನು ಚೀಲದ ಪಟ್ಟಿ ಎಳೆಯುತ್ತಾ ನಕ್ಕ. "ಹೇಗೆ ಹೇಳಲಿ? ಕೊನೇ ಪ್ರಶ್ನೆಗೆ ಮುಂಚೆ, ಬಿಡುವಿನಲ್ಲಿ, ಟೀಚರ್ ಗುಂಡಿ ಸಿಕ್ಕಿಹಾಕ್ಕೊಳ್ತಿತ್ತು. ಅವರು ಗಾಬರಿಯಾಗಿದ್ರು. ಅಲ್ಲಿನ ತಂತ್ರಜ್ಞ ಕಾಣ್ಲಿಲ್ಲ. ಕೊಡಿ ಇಲ್ಲಿ, ಇದು ನನ್ನ ಕಸುಬು ಅಂತ ನಾನೇ ಬಿಚ್ಚಿ, ಸರಿಮಾಡಿ, ನನ್ನ ಒಳ್ಳೇ ಗುಂಡಿ ಅವರಿಗೆ ಕೊಟ್ಟು ಅದನ್ನ ನಾನಿಟ್ಕೊಂಡೆ. ಹತ್ತು ಸಲ ಒತ್ತಿ ನೋಡಿದ್ದೆ, ಹತ್ತು ಸಲಾನೂ ಹತ್ತಿತ್ತು. ಹನ್ನೊಂದನೇ ಸಲ ಕೈಕೊಡ್ತು. ನನ್ನ ಕೈಯಾರೆ ರಿಪೇರಿ ಮಾಡಿದ್ದನ್ನ ಯಾರ ಮೇಲೆ ದೂರಲಿ? ನಗು ಬಂತು. ಅದೂ ನನ್ನ ಮೇಲೇನೇ."

ಅವಳ ಕಣ್ಣು ತುಂಬಿಬಂತು.

"ನಾನು ನಿಮ್ಮನ್ನ ನಟ ಅಂದೆ."

"ಅಂದ್ರಿ. ಸೋತಿದ್ದಕ್ಕಿಂತ ಅದೇ ಜಾಸ್ತಿ ನೋವಾಯ್ತು."

"ಯಾಕೆ ಸುಮ್ಮನಿದ್ರಿ ಅಂತ ನಾನು ಕೇಳ್ಬೇಕಿತ್ತು. ಕೇಳದೇ ತೀರ್ಪು ಕೊಟ್ಟೆ. ತಪ್ಪಾಯ್ತು ರೀ..."

ಹೊಸ ಹಗ್ಗದ ಎಣ್ಣೆ ವಾಸನೆಯ ನಡುವೆ ಅವನು ಚೀಲವನ್ನು ಪಕ್ಕಕ್ಕೆ ಸರಿಸಿದ.

"ನನ್ನದೂ ಒಂದು ಪ್ರಶ್ನೆ ಇದೆ," ಅವನೆಂದ. "ಮೂರು ದಿನದಿಂದ ಇಟ್ಕೊಂಡಿದ್ದೀನಿ. ಇಲ್ಲಿ ಗುಂಡಿ ಇಲ್ಲ, ಕೈ ಎತ್ತಿದ್ರೆ ಸಾಕು. ನಾಳೆಯಿಂದ ನಾನು ಬೇರೆ ಕಡೆ ಇರ್ತೀನಿ. ಆದರೆ ಏಳು ಗಂಟೆಗೆ ನಿಮ್ಮ ಪಕ್ಕ ಕೂತು, ಜೀವನಪೂರ್ತಿ..."

ಅವಳು ಕೈ ಎತ್ತಿದಳು.

"ಪ್ರಶ್ನೆ ಮುಗಿದಿಲ್ಲ ಮೇಡಂ."

"ಮುಗಿಯೋ ಮುಂಚೆ ಒತ್ತಬಹುದು. ನಿಯಮದಲ್ಲಿದೆ. ಮತ್ತೆ ಇನ್ನು ಮೇಲೆ ಮೇಡಂ ಅನ್ಬೇಡಿ."

ಎತ್ತಿದ ಆ ಕೈಯನ್ನು ಅವನು ಹಿಡಿದುಕೊಂಡ. ಎಣ್ಣೆ ಅವಳ ಅಂಗೈಗೂ ಮೆತ್ತಿತು.

"ಬನ್ನಿ, ಕೊನೇ ಪರೀಕ್ಷೆ ಬಾಕಿ ಇದೆ," ಎಂದು ಅವಳನ್ನು ಲಿಫ್ಟಿನೊಳಗೆ ಕರೆದೊಯ್ದು ನಾಲ್ಕನೇ ಗುಂಡಿ ಒತ್ತಿದ. ಮೊದಲ ಸಲಕ್ಕೇ ದೀಪ ಹತ್ತಿತು.

ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಎದುರಿಗೆ ಅಜ್ಜಿ, ಕೈಯಲ್ಲಿ ಸ್ಟಾಪ್‌ವಾಚ್.

"ಅಜ್ಜಿ, ನಿಮಗೊಂದು ವಿಷಯ..." ಅವಳು ದನಿಯೆತ್ತಿದಳು.

ಅಜ್ಜಿಯ ಕಣ್ಣು ಹೆಣೆದುಕೊಂಡಿದ್ದ ಎರಡು ಕೈಗಳ ಮೇಲೆ ನಿಂತಿತು.

"ಕಿರುಚಬೇಡ. ಕಾಣ್ತಿದೆ," ಎಂದರು. ಆಮೇಲೆ ಹೊಸ್ತಿಲನ್ನು ಅನುಮಾನದಿಂದ ನೋಡಿ, "ನಾಳೆ ನಾನು ಇದರಲ್ಲಿ ಕೆಳಗಿಳೀಬಹುದೇನಪ್ಪ?" ಎಂದು ಕೇಳಿದರು.

ಅವನು ಮಂಡಿಯೂರಿ ಅಳತೆಪಟ್ಟಿ ಇಟ್ಟ. ಅವಳೂ ಪಕ್ಕದಲ್ಲೇ ಬಗ್ಗಿದಳು.

"ಎಷ್ಟಿದೆ?" ಅವನು ಮೆಲ್ಲಗೆ ಕೇಳಿದ. "ಈ ಸಲ ನೀನೇ ಓದು."

ಐವತ್ತೆರಡು ಸೆಂಟಿಮೀಟರ್ ಇದ್ದ ಜಾಗವನ್ನು ಅವಳು ಬೆರಳಿನಿಂದ ಸವರಿ, ಪಟ್ಟಿಯ ಗೆರೆಗಳನ್ನು ಎಣಿಸಿದಳು.

"ಮೂರು ಮಿಲಿಮೀಟರ್."