ಹದಿನಾಲ್ಕನೇ ಪಂದ್ಯದ ಹಾಳೆ

ಬೀರುವಿನ ಬೀಗ ಮುರಿದಿರಲಿಲ್ಲ. ಫೈಲು ತನ್ನ ಜಾಗದಲ್ಲೇ ಇತ್ತು. ಅದರೊಳಗಿನ ಇಪ್ಪತ್ತು ಹಾಳೆಗಳಲ್ಲಿ ಒಂದು ಮಾತ್ರ ಇರಲಿಲ್ಲ.

"ಹದಿಮೂರು ಆದ್ಮೇಲೆ ಹದಿನೈದು. ನೋಡಿ ಮೇಡಂ," ಎಂದಳು ವೆಂಕಟಲಕ್ಷ್ಮಿ. ಹೂಡಿಯ ಒಳಾಂಗಣ ಕ್ರೀಡಾಂಗಣದ ಮೇಲಂತಸ್ತಿನಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಕಚೇರಿ. ಆ ಕಚೇರಿಗೆ ಅವಳೊಬ್ಬಳೇ ಗುಮಾಸ್ತೆ.

"ಬೀರು ಕೀ ಎಲ್ಲಿರತ್ತೆ?" ಎಂದು ಕೇಳಿದಳು ಸಬ್ ಇನ್ಸ್‌ಪೆಕ್ಟರ್ ಸುಮಂಗಲಾ.

"ಗಣೇಶನ ಫೋಟೋ ಹಿಂದೆ. ಮೊಳೇಲಿ."

"ಯಾರ್ಯಾರಿಗೆ ಗೊತ್ತು?"

ವೆಂಕಟಲಕ್ಷ್ಮಿ ಪ್ರಾಮಾಣಿಕವಾಗಿ ಯೋಚಿಸಿದಳು. "ಗೊತ್ತಿಲ್ಲದೋರು ಯಾರೂ ಇಲ್ಲ ಮೇಡಂ."

ಸುಮಂಗಲಾ ಫೈಲು ತಿರುವಿದಳು. ಪ್ರತಿ ಪಂದ್ಯಕ್ಕೂ ಒಂದು ಸ್ಕೋರ್ ಶೀಟು. ಹಾಳೆಯ ತುಂಬ ಕೆಂಪು, ನೀಲಿ ಅಂಕಿಗಳು. ಮೇಷ್ಟ್ರು ತಿದ್ದಿಕೊಟ್ಟ ಉತ್ತರ ಪತ್ರಿಕೆಯ ಹಾಗಿತ್ತು. ಶಾಲೆಯಲ್ಲಿ ಖೋ ಖೋ ಆಡಿದ್ದಳೇ ಹೊರತು ಈ ಆಟದ ಗಂಧ ಅವಳಿಗಿರಲಿಲ್ಲ.

"ಒಂದು ಹಾಳೆಗೆ ಪೊಲೀಸ್ ಕಂಪ್ಲೇಂಟಾ?"

"ಆ ಹಾಳೆ ಮೇಲೆ ಒಬ್ಬನ ಬದುಕೇ ನಿಂತಿದೆ ಮೇಡಂ. ನಾಡಿದ್ದು ಬುಧವಾರ ಅವನ ಕಾಂಟ್ರಾಕ್ಟಿನ ಹಿಯರಿಂಗು."

ಆ ಒಬ್ಬನ ಹೆಸರು ಬಸಲಿಂಗ. ಊರು ಬಾಗಲಕೋಟೆ ಕಡೆ, ಎತ್ತರ ಆರೂವರೆ ಅಡಿ. ಗಾರೆ ಕೆಲಸ ಮಾಡುವ ತಾಯಿಯೊಂದಿಗೆ ಹೆಬ್ಬಗೋಡಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕಾರ್ಖಾನೆಯಲ್ಲಿ ಕಾಯಂ ನೌಕರಿ ಸಿಕ್ಕಿತ್ತು. 2014ರಲ್ಲಿ ಈ ಲೀಗ್ ಶುರುವಾದಾಗ ಗರುಡಾಸ್ ತಂಡದ ಮಾತು ನಂಬಿ ಅದಕ್ಕೆ ರಾಜೀನಾಮೆ ಕೊಟ್ಟ. ಒಪ್ಪಂದದಲ್ಲಿ ಒಂದು ಷರತ್ತಿತ್ತು. ಸೀಸನ್‌ನಲ್ಲಿ ಹತ್ತು ಪಂದ್ಯಗಳಲ್ಲಿ ಅವನು ಅಂಗಳಕ್ಕಿಳಿದರೆ ಒಪ್ಪಂದ ಇನ್ನೆರಡು ವರ್ಷ ತಾನಾಗಿ ಮುಂದುವರಿಯಬೇಕು. ಒಂಬತ್ತಾಯಿತು. ಅಷ್ಟರಲ್ಲಿ ಅವನ ಮೊಣಕಾಲು ಒಮ್ಮೆ ಊದಿತು, ತಂಡಕ್ಕೆ ಅವನಿಗಿಂತ ಕಿರಿಯ ಆಟಗಾರ ಸಿಕ್ಕಿದ. ಅಲ್ಲಿಂದಾಚೆಗೆ ಬಸಲಿಂಗನಿಗೆ ಬೆಂಚೇ ಗತಿ. ಏರಿಸಿದ ಮೇಲೆ ಏಣಿ ತೆಗೆಯುವುದೆಂದರೆ ಇದೇ.

"ಹದಿನಾಲ್ಕನೇ ಪಂದ್ಯದಲ್ಲಿ ಆಡಿದೀನಿ, ಅದೇ ಹತ್ತನೇದು ಅಂತಾನೆ ಅವ್ನು. ಆಡೇ ಇಲ್ಲ ಅಂತಾರೆ ತಂಡದೋರು," ಎಂದಳು ವೆಂಕಟಲಕ್ಷ್ಮಿ. "ವಿಡಿಯೋ ಇಲ್ಲ. ಎದುರು ತಂಡ ಬಾಗಿಲು ಹಾಕ್ಕೊಂಡು ಹೋಯ್ತು, ಅವರ ಕಾಪಿನೂ ಇಲ್ಲ. ತಮ್ಮ ಕಾಪಿ ಕಳೆದೋಯ್ತು ಅಂತಾರೆ ಗರುಡಾಸ್‌ನೋರು. ಇದ್ದಿದ್ದು ಈ ಹಾಳೆ ಒಂದೇ."

"ಕೊನೇ ಸಲ ಯಾವಾಗ ನೋಡಿದ್ರಿ?"

"ಶನಿವಾರ ಬೆಳಗ್ಗೆ ಇತ್ತು. ಆಮೇಲೆ ಗರುಡಾಸ್ ಕೋಚ್ ಚಿಕ್ಕಬೈರಪ್ಪ ಸಾರ್ ಬಂದು ಕಾಫಿ ಕುಡಿದ್ರು. ತಂಡದ ಮ್ಯಾನೇಜರ್ ಋಷಿಕೇಶ್ ಸಾರ್ ಹತ್ರ ಕಚೇರಿದೇ ಇನ್ನೊಂದು ಕೀ ಇದೆ. ಬಸಲಿಂಗನೂ ದಿನಾ ಬರ್ತಾನೆ, ಹಾಳೆ ಇದೆಯಾ ಅಕ್ಕಾ ಅಂತ ಕೇಳಕ್ಕೆ."

* * *

ಕೆಳಗೆ ಅಭ್ಯಾಸ ನಡೆಯುತ್ತಿತ್ತು. ಚಿಕ್ಕಬೈರಪ್ಪ ಐವತ್ತು ದಾಟಿದ ಗಟ್ಟಿ ಆಳು, ಇಪ್ಪತ್ತು ವರ್ಷ ರಾಜ್ಯಕ್ಕೆ ಆಡಿದವರು. ಆಟದ ಚಿತ್ರ ಬರೆಯುವ ಪ್ಲಾಸ್ಟಿಕ್ ಹಲಗೆಯನ್ನು ಕಂಕುಳಲ್ಲಿ ಒತ್ತಿಕೊಂಡೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹುಡುಗರಿಗೆ ಆಟ ಹೇಳಿಕೊಡುತ್ತಿದ್ದರು.

"ಆ ಪಂದ್ಯದಲ್ಲಿ ಬಸಲಿಂಗ ಆಡಿದ್ನಾ ಸಾರ್?" ಎಂದಳು ಸುಮಂಗಲಾ.

"ನೆನಪಿಲ್ಲ."

"ಕೋಚ್ ನೀವೇ ಅಲ್ವಾ?"

"ನೆನಪಿಲ್ಲ ಅಂದ್ನಲ್ಲ ಮೇಡಂ," ಎಂದು ಅವರು ನೆಲ ನೋಡಿದರು. ಹಣೆಯ ಮೇಲೆ ಬೆವರಿತ್ತು. ಅವರು ಆಡುತ್ತಿರಲಿಲ್ಲ, ಓಡುತ್ತಿರಲೂ ಇಲ್ಲ. ಸುಮಂಗಲಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಮ್ಯಾನೇಜರ್ ಋಷಿಕೇಶ್ ಹೊಸ ಶೂ ಕಿರುಗುಟ್ಟಿಸುತ್ತ ಬಂದ. ವರ್ಷದ ಹಿಂದಿನವರೆಗೂ ಸರ್ಜಾಪುರ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಮಾರುತ್ತಿದ್ದವನು. ಇಲ್ಲೂ ಅದೇ ನಗು.

"ಇದರಲ್ಲಿ ತನಿಖೆ ಏನಿದೆ ಮೇಡಂ? ಹಾಳೇಲಿ ಆಡಿಲ್ಲ ಅಂತ ಇದೆ. ಅದು ಹೊರಗೆ ಬಂದ್ರೆ ಯಾರಿಗೆ ಲಾಸು? ಅವನ ಬ್ಯಾಗ್ ಚೆಕ್ ಮಾಡಿ, ಅಷ್ಟೇ."

ಬಸಲಿಂಗನೇ ಬ್ಯಾಗು ತಂದು ಮುಂದಿಟ್ಟ. "ನೋಡ್ರಿ ಮೇಡಂ. ಏನೈತಿ ಅದ್ರಾಗ, ಒಂದು ಟವೆಲ್ಲು, ಎರಡು ರೊಟ್ಟಿ."

ಟವೆಲ್ಲಿತ್ತು, ರೊಟ್ಟಿಯೂ ಇತ್ತು. ಬ್ಯಾಗಿನ ತಳದ ರಟ್ಟಿನ ಕೆಳಗೆ ನಾಲ್ಕಾಗಿ ಮಡಿಸಿದ ಬಿಳಿ ಹಾಳೆಯೂ ಇತ್ತು.

ಪಂದ್ಯ ಸಂಖ್ಯೆ ಹದಿನಾಲ್ಕು. ನೀಲಿ ಶಾಯಿಯ ಅಂಕಿಗಳು ಸಾಲಾಗಿ, ಅಚ್ಚುಕಟ್ಟಾಗಿದ್ದವು. ಅಂಗಳಕ್ಕಿಳಿದ ಪ್ರತಿ ಆಟಗಾರನ ಹೆಸರಿನ ಮುಂದೆ ಎಕ್ಸ್ ಆಕಾರದ ಒಂದು ಸಣ್ಣ ಕತ್ತರಿ ಗುರುತು. ಬಸಲಿಂಗನ ಹೆಸರಿನ ಮುಂದೆ ಏನೂ ಇಲ್ಲ.

"ನಾ ಇಟ್ಟಿಲ್ರಿ." ಬಸಲಿಂಗ ಕೋಚ್ ಕಡೆ ತಿರುಗಿದ. "ಮೂರು ಮಂದಿ ಐದೈದು ಫೌಲ್ ಮಾಡಿ ಹೊರಗ ಹೋದ್ರು. ಬ್ಯಾರೆ ಯಾರೂ ಉಳೀಲಿಲ್ಲ, ಕೋಚ್ ಸರ್ ನನ್ನ ಕಳಿಸಿದ್ರು. ಕಡೀ ನಲವತ್ತು ಸೆಕೆಂಡು ಆಡೇನ್ರಿ! ಹೇಳ್ರಿ ಸರ್."

ಚಿಕ್ಕಬೈರಪ್ಪ ಹಲಗೆಯನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡು ಬೇರೆ ಕಡೆ ನೋಡಿದರು. ಉಳಿದ ಆಟಗಾರರೂ ಮುಖ ತಿರುಗಿಸಿದರು. ಎಲ್ಲರ ಒಪ್ಪಂದವೂ ಅದೇ ಮಾಲೀಕನ ಕೈಯಲ್ಲಿತ್ತು.

"ಕೇಸ್ ಆದ್ರ ಕಾರ್ಖಾನ್ಯಾಗೂ ಮತ್ತ ತಗೊಳ್ಳಂಗಿಲ್ರಿ ಮೇಡಂ," ಎಂದ ಬಸಲಿಂಗ. "ನಮ್ಮವ್ವಗ ಏನಂತ ಹೇಳ್ಲಿ?"

ಸುಮಂಗಲಾಗೆ ಸಂಕಟವಾಯಿತು. ಹಾಳೆಯನ್ನು ಲಕೋಟೆಗೆ ಹಾಕಿ, ಊರು ಬಿಡಬಾರದೆಂದು ಹೇಳಿ ಅವನನ್ನು ಕಳಿಸಿದಳು. ಒಂದು ಮಾತು ಮಾತ್ರ ಅವಳಿಗೆ ಜೀರ್ಣವಾಗಲಿಲ್ಲ. ತನಗೆ ಮುಳುವಾಗುವ ಹಾಳೆಯನ್ನು ಕದ್ದವನು ಅದನ್ನು ಹರಿದು ಎಸೆಯದೆ ರೊಟ್ಟಿಯ ಕೆಳಗೆ ಇಟ್ಟುಕೊಂಡು ಓಡಾಡುತ್ತಾನೆಯೇ?

* * *

ಆ ಪಂದ್ಯದ ಅಂಕ ಬರೆದವರು ಸಿದ್ದರಾಮಪ್ಪ. ಬಸಲಿಂಗ ಬಿಟ್ಟ ಕಾರ್ಖಾನೆಯಲ್ಲೇ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಸಂಜೆ ಸುಮಂಗಲಾ ಅವರ ಮನೆಗೆ ಹೋದಳು. ಅಸಲಿ ಹಾಳೆ ಠಾಣೆಯಲ್ಲಿತ್ತು, ಕೈಯಲ್ಲಿದ್ದದ್ದು ಜೆರಾಕ್ಸ್.

"ನನ್ನ ಕೈಬರಹ ಅಲ್ಲಮ್ಮ ಇದು," ಎಂದರು ಸಿದ್ದರಾಮಪ್ಪ, ಕನ್ನಡಕ ಏರಿಸಿ. "ಅವನು ಆಡಿದಾನೆ. ನಾನೇ ಗುರುತು ಹಾಕಿದೀನಿ."

"ನೀವೂ ಅವನೂ ಒಂದೇ ಕಾರ್ಖಾನೆಯೋರು. ನಮ್ಮ ಹುಡುಗ ಅಂತ ಹೇಳ್ತಿದಾರೆ ಅಂತಾರೆ ತಂಡದ ವಕೀಲ್ರು. ಬೇರೆ ಏನಾದ್ರೂ ಇದೆಯಾ?"

ಮುದುಕರು ಸಿಟ್ಟಿನಿಂದ ಜೆರಾಕ್ಸನ್ನು ಮೇಜಿನ ಮೇಲೆ ಹಾಕಿ, ಮರುದಿನದ ಪಂದ್ಯಕ್ಕೆ ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸತೊಡಗಿದರು. ಒಂದು ಕೆಂಪು. ಒಂದು ನೀಲಿ.

ಸುಮಂಗಲಾಳ ಕಾಫಿ ಲೋಟ ತುಟಿಯ ಬಳಿಯೇ ನಿಂತಿತು.

"ಎರಡು ಪೆನ್ನು ಯಾಕೆ ಸಾರ್?"

"ನಿಯಮ ಕಣಮ್ಮ. ಪಂದ್ಯದಲ್ಲಿ ನಾಲ್ಕು ಕ್ವಾರ್ಟರ್. ಒಂದು, ಮೂರಕ್ಕೆ ಕೆಂಪು. ಎರಡು, ನಾಲ್ಕಕ್ಕೆ ನೀಲಿ."

"ತಂಡಕ್ಕೆ ಕೊಡೋ ಕಾಪೀಲಿ?"

"ಅದು ಕಾರ್ಬನ್ನು. ಕಾರ್ಬನ್ನಿಗೆ ಬಣ್ಣ ಗೊತ್ತಾ? ಬಿಳಿ ಹಾಳೆ ಲೀಗಿಗೆ, ಗುಲಾಬಿ ಗರುಡಾಸ್‌ಗೆ, ಹಳದಿ ಎದುರು ತಂಡಕ್ಕೆ. ಕಾಪೀಲಿ ಎಲ್ಲಾ ಒಂದೇ ಬಣ್ಣ."

ಸುಮಂಗಲಾ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಠಾಣೆಗೆ ಹೋಗಿ ಲಕೋಟೆ ತೆರೆದು ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಕಾನ್‌ಸ್ಟೇಬಲ್ ಮುತ್ತಣ್ಣನಿಗೆ ಒಂದು ಕೆಲಸ ಹೇಳಿದಳು.

* * *

ಮಂಗಳವಾರ ಹನ್ನೊಂದು ಗಂಟೆಗೆ ಎಲ್ಲರೂ ಲೀಗ್ ಕಚೇರಿಯಲ್ಲಿ ಕೂತಿದ್ದರು. ಚಿಕ್ಕಬೈರಪ್ಪ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬಸಲಿಂಗನಿಗೆ ಯಾವ ಕುರ್ಚಿಯೂ ಸಾಲದೆ ಗೋಡೆಗೆ ಒರಗಿ ನಿಂತಿದ್ದ.

"ಋಷಿಕೇಶ್, ಈ ಹಾಳೆ ಅಸಲಿ ಅಂತ ಹೇಗೆ ಹೇಳ್ತೀರಿ?" ಎಂದಳು ಸುಮಂಗಲಾ.

"ಸಿಂಪಲ್ ಮೇಡಂ. ಕಾಪಿ ಗುಲಾಬಿ ಇರತ್ತೆ, ಇದು ಬಿಳಿ. ಪೆನ್ನಲ್ಲಿ ಬರೆದಿದೆ. ನೀಲಿ ಇಂಕು."

"ಎಲ್ಲಾ ಅಸಲಿ ಹೀಗೇ ಇರತ್ತಾ?"

"ಎಲ್ಲಾ ಹೀಗೇ."

ಬಸಲಿಂಗ ಒರಗಿದ್ದವನು ನೆಟ್ಟಗಾದ. "ಅಲ್ರಿ, ಕೆಂಪು ಎಲ್ಲೈತಿ ಇದ್ರಾಗ?"

"ಅದನ್ನೇ ನಾನೂ ಕೇಳ್ತಿರೋದು." ಸುಮಂಗಲಾ ಫೈಲು ತೆರೆದು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಹತ್ತೊಂಬತ್ತರಲ್ಲೂ ಕೆಂಪು, ನೀಲಿ. ಇಪ್ಪತ್ತನೆಯದು ಪೂರಾ ನೀಲಿ.

ಋಷಿಕೇಶನ ನಗು ಮಾಯವಾಯಿತು.

"ಈ ಹಾಳೆ ಸುಳ್ಳು. ಇದನ್ನ ಬರೆದೋನಿಗೆ ಎರಡು ಬಣ್ಣದ ವಿಷಯ ಗೊತ್ತಿಲ್ಲ," ಎಂದಳು ಸುಮಂಗಲಾ. "ವೆಂಕಟಲಕ್ಷ್ಮಿ ದಿನಾ ಅಸಲಿ ಫೈಲ್ ಮಾಡ್ತಾರೆ, ಅವರಿಗೆ ಗೊತ್ತು. ಕೋಚ್ ಇಪ್ಪತ್ತು ವರ್ಷ ಆಡಿದೋರು, ಅವರಿಗೂ ಗೊತ್ತು. ಬಸಲಿಂಗನ್ನ ನೀವೇ ಸ್ಕೋರರ್ ಮೇಜಿನ ಪಕ್ಕದ ಬೆಂಚಲ್ಲಿ ಅರ್ಧ ಸೀಸನ್ ಕೂರಿಸಿದ್ರಿ. ಪೆನ್ನು ಬದಲಾಗೋದು ನೋಡೋದು ಬಿಟ್ಟು ಅವನಿಗೆ ಅಲ್ಲಿ ಇನ್ನೇನು ಕೆಲಸ ಇತ್ತು? ಬರೀ ಗುಲಾಬಿ ಕಾಪಿ ಮಾತ್ರ ನೋಡಿರೋದು ಒಬ್ರೇ. ನೀವು."

"ಇದು ಊಹೆ..."

"ಮುತ್ತಣ್ಣ."

ಮುತ್ತಣ್ಣ ಒಂದು ಖಾಲಿ ಸ್ಕೋರ್ ಶೀಟ್ ಪುಸ್ತಕವನ್ನು ಮೇಜಿನ ಮೇಲಿಟ್ಟ. ಬೆಳಗ್ಗೆ ಋಷಿಕೇಶನ ಕೋಣೆಯ ಡ್ರಾಯರಿನಲ್ಲಿ ಸಿಕ್ಕದ್ದು. ಮೊದಲ ಹಾಳೆಯ ಗುಲಾಬಿ, ಹಳದಿ ಪ್ರತಿಗಳಿದ್ದವು. ಬಿಳಿ ಇರಲಿಲ್ಲ.

ಋಷಿಕೇಶ ಕುಸಿದು ಕೂತ. "ಆದ್ರೆ ನಾನು ಕದ್ದಿಲ್ಲ ಮೇಡಂ, ಆಣೆ. ಭಾನುವಾರ ತೆಗೆದು ಹರಿದುಹಾಕೋಣ ಅಂತಾನೇ ಬಂದೆ. ನೋಡಿದ್ರೆ ಹಾಳೆನೇ ಇಲ್ಲ! ಬಸಲಿಂಗನೇ ಎತ್ತಿರ್ಬೇಕು, ಹಿಯರಿಂಗಲ್ಲಿ ತೋರಿಸ್ತಾನೆ ಅಂದ್ಕೊಂಡೆ. ಅಷ್ಟರಲ್ಲಿ ಅವನ ಬ್ಯಾಗಲ್ಲೇ ಇನ್ನೊಂದು ಸಿಕ್ಬಿಟ್ರೆ, ಅವನು ತೋರಿಸೋದೇ ಸುಳ್ಳು ಅಂತಾರಲ್ಲ..."

"ನೀವು ಕದ್ದಿಲ್ಲ ಅಂತ ನಂಗೊತ್ತು. ಕದ್ದಿದ್ರೆ ಬರೆಯೋವಾಗ ಅಸಲಿ ಎದುರಿಗಿರ್ತಿತ್ತು. ಕೆಂಪು ಕಾಣ್ತಿತ್ತು." ಸುಮಂಗಲಾ ನಿಧಾನವಾಗಿ ತಿರುಗಿದಳು. "ಹಾಳೆ ತೆಗೆದೋರು ಬೇರೆ. ಚಿಕ್ಕಬೈರಪ್ಪ ಸಾರ್, ಹಲಗೆ ಇಟ್ಕೊಂಡು ನೆಲದ ಮೇಲೆ ಯಾಕೆ ಬರೀತಿದ್ರಿ?"

ಚಿಕ್ಕಬೈರಪ್ಪ ಹಲಗೆಯ ಹಿಂದಿನ ಸ್ಕ್ರೂಗಳನ್ನು ಉಗುರಿನಿಂದಲೇ ಬಿಚ್ಚಿದರು. ಎರಡು ಪದರಗಳ ನಡುವೆ ಬಿಳಿ ಹಾಳೆ ಇತ್ತು. ಕೆಂಪು, ನೀಲಿ ಅಂಕಿಗಳು. ಬಸಲಿಂಗನ ಹೆಸರಿನ ಮುಂದೆ ಪುಟ್ಟದೊಂದು ನೀಲಿ ಕತ್ತರಿ.

"ಶುಕ್ರವಾರ ಈ ಋಷಿಕೇಶ ಫೋನಲ್ಲಿ ಹೇಳ್ತಿದ್ದ, ಸೋಮವಾರದ ಹೊತ್ತಿಗೆ ಆ ಹಾಳೆ ಇರಲ್ಲ ಅಂತ," ಎಂದರು ಅವರು. "ಉಳಿಸ್ಬೇಕು ಅಂತ ಎತ್ಕೊಂಡೆ. ಹುಡುಗ್ರ ಕೈಗೆ ಸಿಗಬಾರ್ದು ಅಂತ ಹಲಗೆ ಕಂಕುಳಿಂದ ತೆಗೀಲೇ ಇಲ್ಲ. ಕೊಡೋಕೆ ಧೈರ್ಯ ಬರ್ಲಿಲ್ಲ. ನನ್ನ ಕಾಂಟ್ರಾಕ್ಟೂ ಈ ತಿಂಗಳಿಗೆ ಮುಗಿಯತ್ತೆ ಮೇಡಂ."

"ನಿನ್ನೆ ನನ್ನ ಕಳ್ಳ ಅಂದಾಗ ಸುಮ್ಕ ನಿಂತಿದ್ರಲ್ರಿ ಸರ್," ಎಂದ ಬಸಲಿಂಗ. "ಹಾಳಿ ನಿಮ್ಮ ಕಂಕುಳಾಗ ಇತ್ತು."

ಕೋಚ್ ತಲೆ ತಗ್ಗಿಸಿಯೇ ಹಾಳೆಯನ್ನು ಸುಮಂಗಲಾಳ ಮುಂದಿಟ್ಟರು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಇಟ್ಟುಕೊಂಡವರ ಪಾಡು ಇಷ್ಟೇ. ಅವರ ಮೇಲೆ ಸುಮಂಗಲಾಗೆ ಕೋಪ ಬಂದಿತ್ತು, ಕನಿಕರವೂ ಆಗಿತ್ತು. "ನಾಳೆ ಇದನ್ನೇ ಹಿಯರಿಂಗಲ್ಲಿ ಹೇಳ್ತೀರಾ?" ಎಂದು ಕೇಳಿದಳು.

"ಹೇಳ್ತೀನಿ. ಬರೆದೂ ಕೊಡ್ತೀನಿ."

* * *

ಹೇಳಿದರು. ಒಪ್ಪಂದ ಎರಡು ವರ್ಷ ಮುಂದುವರಿಯಿತು. ಋಷಿಕೇಶನ ಮೇಲೆ ನಕಲಿ ದಾಖಲೆಯ ಕೇಸು ಬಿತ್ತು. ಮರ್ಯಾದೆ ಉಳಿಸಿಕೊಳ್ಳಲು ಮಾಲೀಕರು ಕೋಚನ್ನು ತೆಗೆಯಲಿಲ್ಲ. ಆದರೆ ಒಪ್ಪಂದವೆಂದರೆ ಸಂಬಳ ಕೊಡಬೇಕು ಅಷ್ಟೇ, ಆಡಿಸಬೇಕು ಅಂತೇನೂ ಇಲ್ಲವಲ್ಲ. ಸುಮಂಗಲಾಗೆ ಆ ಅನುಮಾನ ಉಳಿದೇ ಇತ್ತು.

ಮುಂದಿನ ಸೀಸನ್‌ನ ಮೊದಲ ಪಂದ್ಯಕ್ಕೆ ಅವಳು ಮಫ್ತಿಯಲ್ಲಿ ಹೋಗಿ ಸ್ಕೋರರ್ ಮೇಜಿನ ಹಿಂದೆ ಕೂತಳು. ಪಕ್ಕದಲ್ಲಿ ಬಸಲಿಂಗನ ತಾಯಿ ಮಹಾಂತಮ್ಮ, ಗಾರೆ ಕೆಲಸಕ್ಕೆ ರಜೆ ಹಾಕಿ ಇಳಕಲ್ ಸೀರೆ ಉಟ್ಟು ಬಂದಿದ್ದಳು.

ಸಿದ್ದರಾಮಪ್ಪ ಹೊಸ ಹಾಳೆ ಬಿಡಿಸಿದರು. ಚಿಕ್ಕಬೈರಪ್ಪ ಬಂದು, ಆಟ ಶುರುಮಾಡುವ ಐವರ ಹೆಸರು ಹೇಳಿದರು. ಐದನೆಯ ಹೆಸರು ಹೇಳುವಾಗ ದನಿ ಸ್ವಲ್ಪ ಎತ್ತರವಾಯಿತು.

"ಬಸಲಿಂಗ."

"ಏನ್ ಬರದ್ರವ್ವ ಅಜ್ಜಾರು?" ಎಂದಳು ಮಹಾಂತಮ್ಮ.

ಸುಮಂಗಲಾ ಬಗ್ಗಿ ನೋಡಿದಳು. ಕಳೆದ ಸೀಸನ್‌ನಲ್ಲಿ ಅವನು ಆಡಿದ ಹತ್ತೂ ಪಂದ್ಯಗಳ ಹಾಳೆಗಳನ್ನು ಅವಳು ನೋಡಿದ್ದಳು. ಬಸಲಿಂಗನನ್ನು ಯಾವಾಗಲೂ ತಡವಾಗಿ, ಎರಡನೆಯ ಇಲ್ಲವೇ ನಾಲ್ಕನೆಯ ಕ್ವಾರ್ಟರಿನಲ್ಲಿ ಇಳಿಸುತ್ತಿದ್ದರು. ಅವನ ಹತ್ತು ಗುರುತುಗಳೂ ನೀಲಿ, ಆಟ ಶುರುಮಾಡುವ ಐವರಿಗಷ್ಟೇ ಸುತ್ತುವ ಸೊನ್ನೆ ಒಂದಕ್ಕೂ ಇರಲಿಲ್ಲ.

"ಮಗನ ಹೆಸರಿನ ಮುಂದೆ ಕತ್ತರಿ ಹಾಕಿ, ಸುತ್ತ ಸೊನ್ನೆ ಸುತ್ತಿದ್ರಮ್ಮ," ಎಂದಳು. "ಕೆಂಪು ಇಂಕಲ್ಲಿ."