ಗೊತ್ತಿಲ್ಲ ಅಂದವನು

ಮೆಷಿನ್ಸ್ ಲ್ಯಾಬಿನಲ್ಲಿ ಮೋಟರು ಉಲ್ಟಾ ತಿರುಗಿದ ದಿನವೇ ಅವನ ತಲೆಯೂ ತಿರುಗಿದ್ದು. ಮೂರು ಫೇಸಿನ ವೈರುಗಳಲ್ಲಿ ಎರಡನ್ನು ಅದಲುಬದಲಾಗಿ ಜೋಡಿಸಿಬಿಟ್ಟಿದ್ದ. ಪಕ್ಕದ ಟೇಬಲ್ಲಿನ ಹುಡುಗಿ ಬಂದು ಸ್ವಿಚ್ ಆರಿಸಿ, ಎರಡನ್ನೂ ಬಿಚ್ಚಿ ಸರಿಮಾಡಿದಳು.

"ಇಷ್ಟೂ ಗೊತ್ತಿಲ್ವಾ?"

ಗೊತ್ತಿತ್ತು, ಕೈತಪ್ಪಿ ಆದದ್ದು. ಆದರೆ ನಗುವನ್ನು ತುಟಿಯಂಚಿನಲ್ಲೇ ಬಿಗಿಹಿಡಿದು, ಹುಬ್ಬೇರಿಸಿ ಅವಳು ನಿಂತ ಚೆಂದ ನೋಡಿ, "ಇಲ್ಲ. ಹೇಳ್ಕೊಡ್ತೀಯಾ?" ಅಂದುಬಿಟ್ಟ.

ಆಮೇಲೆ ದಿನಕ್ಕೊಂದು ಡೌಟು. ಅವಳು ಅವನಿಗೆ ಡೌಟಪ್ಪ ಎಂದು ಹೆಸರಿಟ್ಟಳು; ಅವನು ಅವಳನ್ನು ಟೀಚರಮ್ಮ ಎಂದ. ಮನೆಯಲ್ಲಿ ಟ್ರಾನ್ಸ್‌ಫಾರ್ಮರ್ ಪಾಠವನ್ನು ಅರೆದು ಕುಡಿದು ಬಂದವನು ಲೈಬ್ರರಿಯಲ್ಲಿ ಏನೂ ಅರಿಯದ ಮಗುವಿನಂತೆ ಕೂರುತ್ತಿದ್ದ. ಅವಳು ಜಾರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಸರ್ಕ್ಯೂಟ್ ಬರೆದು, "ಈಗ ತಲೆಗೆ ಹೋಯ್ತಾ?" ಎಂದು ಕಣ್ಣೆತ್ತುವಳು. ಆ ನೋಟದ ಆಸೆಗೆ "ಇನ್ನೊಂದ್ಸಲ" ಎನ್ನುವನು. ಪ್ರೀತಿಯಲ್ಲಿ ಬಿದ್ದವರ ಜಾಣತನ ಇಷ್ಟೇ, ಬಿಡಿ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಜೋಡಿ ಆರಿಸುವ ದಿನ ಅವನು ಅವಳತ್ತಲೇ ನೋಡುತ್ತ ಕೂತಿದ್ದ. ಅವಳು ಮುಂದಿನ ಬೆಂಚಿನ ಕನ್ನಡಕದವನ ಜೊತೆ ಹೆಸರು ಕೊಟ್ಟಳು. ನಿಜ ಹೇಳಿಬಿಡೋಣವೆಂದು ಎದ್ದ ಅವನು ಮತ್ತೆ ಕೂತುಬಿಟ್ಟ.

ಮರುವಾರ ಲ್ಯಾಬ್ ವೈವಾ. ಹೊರಗಿನಿಂದ ಬಂದ ಎಗ್ಸಾಮಿನರ್ ಅವನನ್ನೂ ಅವಳನ್ನೂ ಒಟ್ಟಿಗೆ ಕರೆದರು.

"ಓಡೋ ಮೋಟರಿಗೆ ಒಂದು ಫೇಸ್ ತಪ್ಪಿದ್ರೆ ಏನಾಗುತ್ತೆ?"

ಗಾಬರಿಯಲ್ಲಿ ಅವಳ ಬಾಯಿ ಕಟ್ಟಿತು. ಅವಳ ಕಣ್ಣಲ್ಲಿ ನೀರಾಡಿದ್ದನ್ನು ಕಂಡು ಅವನಿಗೆ ಸುಮ್ಮನಿರಲಾಗಲಿಲ್ಲ.

"ಓಡ್ತಾನೇ ಇರುತ್ತೆ ಸರ್. ಉಳಿದೆರಡು ಫೇಸಿಂದ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತೆ. ಹಾಗೇ ಬಿಟ್ರೆ ಸುಟ್ಟೋಗುತ್ತೆ."

ಅವರು ಖುಷಿಯಾಗಿ ಕೇಳುತ್ತಲೇ ಹೋದರು. ಅವನು ತಡವರಿಸದೆ ಉತ್ತರಿಸಿದ. ಅವಳು ಎಗ್ಸಾಮಿನರನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

ಹೊರಗೆ ಕಾರಿಡಾರಿನಲ್ಲಿ ಕೇಳಿದಳು, "ಯಾವಾಗಿಂದ ಗೊತ್ತು ಇದೆಲ್ಲ?"

"ಮೊದಲಿಂದ." ಅವನು ತಲೆ ತಗ್ಗಿಸಿದ. "ನೀನಂದ್ರೆ ಇಷ್ಟ. ಪಕ್ಕದಲ್ಲಿ ಕೂರೋಕೆ ಬೇರೆ ನೆಪ ತೋಚಲಿಲ್ಲ."

"ನನ್ನ ಓದು ಬಿಟ್ಟು ನಿಂಗೆ ಹೇಳ್ಕೊಟ್ಟೆ ಕಣೋ. ಪ್ರಾಜೆಕ್ಟಿಗೂ ನಿನ್ನನ್ನೇ ಕೇಳೋಣ ಅಂತಿದ್ದೆ. ಆದ್ರೆ ಈ ಡೌಟಪ್ಪನಿಗೆ ಹೇಳ್ಕೊಡ್ತಾ ಕೂತ್ರೆ ನನ್ನ ಮಾರ್ಕ್ಸ್ ಬೀಳುತ್ತೆ, ಸ್ಕಾಲರ್‌ಶಿಪ್ ಹೋದ್ರೆ ಈ ಯೂನಿವರ್ಸಿಟಿ ಫೀಸು ಅಪ್ಪನ ಕೈಲಾಗಲ್ಲ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ. ಅವತ್ತು ಮನೇಲಿ ಅತ್ತುಬಿಟ್ಟೆ."

"ಈಗ ಬದಲಾಯಿಸೋಕೆ ಆಗಲ್ವಾ?"

"ಅವನಿಗೆ ಮಾತು ಕೊಟ್ಟಿದೀನಿ." ಅವಳು ರೆಕಾರ್ಡ್ ಪುಸ್ತಕವನ್ನು ಎದೆಗವಚಿಕೊಂಡಳು. "ನಂಗೂ ನೀನು ಇಷ್ಟ ಇದ್ದೆ. ಆದ್ರೆ ಇನ್ಮೇಲೆ ನೀನು 'ಇಷ್ಟ' ಅಂತ ಹೇಳಿದ್ರೂ, ನಿಜಾನಾ ಅಂತ ಕೇಳ್ಕೋಬೇಕು ನಾನು."

ಒಳಗಿನಿಂದ ಕನ್ನಡಕದವನು ಕರೆದ. ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡು ಹೋದಳು. ನಿಜ ಕಣೇ ಎಂದು ಕೂಗಿ ಹೇಳಬೇಕೆನಿಸಿತು ಅವನಿಗೆ. ಅವಳು ನಂಬುವ ಹಾಗೆ ಅದನ್ನು ಹೇಗೆ ಹೇಳಬೇಕೆಂಬುದು ಮಾತ್ರ ನಿಜಕ್ಕೂ ಗೊತ್ತಿರಲಿಲ್ಲ.